ಇದ್ದ ಆಯುಷ್ಯವನ್ನು ಕಾಯುವ ವ್ರತ

ಕೊಪ್ಪಳಕ್ಕೆ ಹಿಂದೆ ಕೊಪಣವೆಂದು ಹೆಸರು. 9ನೇ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳು ನೆಲೆಸಿದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಈ ಊರನ್ನೂ ಹೆಸರಿಸಿ ಮಹಾನಗರವೆಂದು ಕೊಂಡಾಡಿದೆ. ಜೈನರಿಗೆ ಅದು ಮಹಾತೀರ್ಥ. ಅಲ್ಲಿನ ಪಾಲ್ಕಿಗುಂಡಿನ ಮೇಲೆ ‘ವರಾಂಗಚರಿತ’ದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬ ಭಕ್ತ ಕಡೆಯಿಸಿದ್ದಾನೆ. ಅದೇ ಊರಿನ ಮತ್ತೊಂದು ಶಾಸನ ಶಕ 803ರದು, ಅಂದರೆ ಕ್ರಿ.ಶ. 881ರದು. ಕೊಂಡಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವನಂದಿ ಭಟಾರರು ಇಲ್ಲಿ ನೆಲೆಸಿ, ಊರ ಜನರಿಗೆ ಶಾಸ್ತ್ರವನ್ನು ಬೋಧಿಸಿ, ತಪಸ್ಸನ್ನಾಚರಿಸಿ, ಸಂನ್ಯಸನ ವಿಧಿಯಿಂದ ದೇಹವನ್ನು ತ್ಯಜಿಸಿದರೆಂದು ಅದು ತಿಳಿಸುತ್ತದೆ.

ಶಾಸನ ಎತ್ತಿ ಹಿಡಿದಿರುವುದು ಬದುಕಿದ ವರ್ಷಗಳ ಲೆಕ್ಕವನ್ನಲ್ಲ. ಆ ಬದುಕು ಯಾರಿಗೆ ಒದಗಿತು, ಅದು ಹೇಗೆ ಮುಗಿಯಿತು ಎಂಬ ಎರಡು ಸಂಗತಿಗಳನ್ನು. ಇಂದಿನ ಮನುಷ್ಯನ ಪ್ರಶ್ನೆ ಬೇರೆ. ಎಷ್ಟು ವರ್ಷ ಬದುಕಬಹುದು, ಏನು ತಿಂದರೆ ಆಯುಷ್ಯ ಹೆಚ್ಚುತ್ತದೆ, ಯಾವ ಅಭ್ಯಾಸ ಮರಣವನ್ನು ಬೇಗ ಕರೆತರುತ್ತದೆ ಎಂದು ಅವನು ವೈದ್ಯರನ್ನೂ ಪುಸ್ತಕಗಳನ್ನೂ ಕೇಳುತ್ತಾನೆ. ಈ ಪ್ರಶ್ನೆಗೆ ಜಿನಾಗಮದಲ್ಲಿ ಉತ್ತರವಿದೆ. ಆದರೆ ಆ ಉತ್ತರವು ಕೇಳುವವನ ಆಸೆಯನ್ನು ಸ್ವಲ್ಪ ತಿದ್ದಿ ಕಳುಹಿಸುತ್ತದೆ.

ಕರ್ಮಗಳು ಎಂಟು. ಅವುಗಳಲ್ಲಿ ಒಂದು ಆಯುಕರ್ಮ. ಜೀವವು ಒಂದು ದೇಹದಲ್ಲಿ ಎಷ್ಟು ಕಾಲ ಇರಬೇಕೆಂಬುದನ್ನು ನಿಶ್ಚಯಿಸುವುದು ಅದೇ. ಕಟ್ಟಿಕೊಂಡು ಬಂದ ಆಯುಷ್ಯದ ಮೇಲೆ ಒಂದು ಗಳಿಗೆಯನ್ನೂ ಕೂಡಿಸಲು ಯಾರಿಂದಲೂ ಆಗದು. ಹಾಗಾದರೆ ಎಲ್ಲವೂ ಮೊದಲೇ ಬರೆದಿಟ್ಟದ್ದು, ಹೇಗೆ ಬದುಕಿದರೇನು ಎಂದು ಕೈಚೆಲ್ಲಬಹುದೆ? ಕೂಡದು. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಎರಡನೆಯ ಅಧ್ಯಾಯದ ಕೊನೆಯಲ್ಲಿ ಯಾರ ಆಯುಷ್ಯ ನಡುವೆ ತುಂಡಾಗದೆಂದು ಎಣಿಸಿ ಹೇಳುತ್ತದೆ. ದೇವತೆಗಳು ಮತ್ತು ನಾರಕಿಗಳು, ಅದೇ ಭವದಲ್ಲಿ ಮೋಕ್ಷಕ್ಕೆ ಹೋಗುವ ಚರಮೋತ್ತಮ ದೇಹಿಗಳು, ಭೋಗಭೂಮಿಯಲ್ಲಿ ಅಸಂಖ್ಯಾತ ವರ್ಷ ಬಾಳುವವರು. ಉಳಿದವರ ಆಯುಷ್ಯ ಅಪವರ್ತ್ಯ, ಅಂದರೆ ಹೊರಗಿನ ಕಾರಣಗಳಿಂದ ಮೊಟಕಾಗಬಲ್ಲದ್ದು. ಸಾಮಾನ್ಯ ಮನುಷ್ಯರೆಲ್ಲರೂ ಈ ಉಳಿದವರ ಸಾಲಿನಲ್ಲಿಯೇ ಬರುತ್ತಾರೆ.

8ನೇ ಶತಮಾನದ ಅಕಲಂಕದೇವರು ‘ರಾಜವಾರ್ತಿಕ’ದಲ್ಲಿ ಈ ಸೂತ್ರವನ್ನು ವಿವರಿಸುತ್ತ ತೀರ ಲೌಕಿಕವಾದ ದೃಷ್ಟಾಂತಗಳನ್ನು ಕೊಡುತ್ತಾರೆ. ಮರದಲ್ಲೇ ಬಿಟ್ಟರೆ ತನ್ನ ಕಾಲಕ್ಕೆ ಹಣ್ಣಾಗುವ ಮಾವು, ಹುಲ್ಲಿನಲ್ಲಿ ಮುಚ್ಚಿಟ್ಟರೆ ಕಾಲಕ್ಕೆ ಮೊದಲೇ ಹಣ್ಣಾಗುತ್ತದೆ. ಆಯುಷ್ಯವೂ ಹಾಗೆಯೇ. ಅಕಾಲ ಮರಣವೆಂಬುದು ಇಲ್ಲವಾದರೆ ಆಯುರ್ವೇದಕ್ಕೆ ಅರ್ಥವೇನು, ವೈದ್ಯನು ಮದ್ದು ಕೊಡುವುದೇತಕ್ಕೆ ಎಂಬುದು ಅವರ ತರ್ಕ. ಈ ಬಗೆಯ ಮರಣಕ್ಕೆ ಶಾಸ್ತ್ರಕಾರರು ಕದಳೀಘಾತವೆಂದು ಹೆಸರಿಟ್ಟರು. ಒಂದೇ ಏಟಿಗೆ ಉರುಳಿದ ಬಾಳೆಯ ಗಿಡದಂತೆ ಬೀಳುವ ಬದುಕು ಅದು.

ಕದಳೀಘಾತಕ್ಕೆ ಕಾರಣಗಳಾವುವು? ಕುಂದಕುಂದಾಚಾರ್ಯರ ‘ಭಾವಪಾಹುಡ’ದಲ್ಲಿಯೂ, ಶ್ರವಣಬೆಳಗೊಳದ ಬಾಹುಬಲಿಯನ್ನು ನಿರ್ಮಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರರ ‘ಗೊಮ್ಮಟಸಾರ’ದಲ್ಲಿಯೂ ಅವುಗಳ ಪಟ್ಟಿಯಿದೆ. ವಿಷ, ವೇದನೆ, ರಕ್ತಕ್ಷಯ, ಭಯ, ಶಸ್ತ್ರಾಘಾತ, ಸಂಕ್ಲೇಶ, ಆಹಾರ ಮತ್ತು ಉಸಿರಾಟದ ನಿರೋಧ. ಸಾವಿರ ವರ್ಷಕ್ಕೂ ಹಿಂದಿನ ಈ ಪಟ್ಟಿಯನ್ನು ಇಂದಿನ ದಿನಚರಿಯ ಪಕ್ಕದಲ್ಲಿಟ್ಟು ಓದಿದರೆ, ಪ್ರತಿಯೊಂದು ಪದಕ್ಕೂ ಹೊಸ ಅರ್ಥ ಹೊಳೆಯುತ್ತದೆ.

ಮೊದಲನೆಯದು ವಿಷ. ಬಟ್ಟಲಲ್ಲಿ ಕಲಸಿ ಕೊಟ್ಟದ್ದು ಮಾತ್ರ ವಿಷವಲ್ಲ. ದಿನವೂ ಸ್ವಲ್ಪ ಸ್ವಲ್ಪವಾಗಿ ಹಣ ಕೊಟ್ಟು ಕೊಂಡದ್ದೂ ವಿಷವೇ. ಬೀಡಿ, ಸಿಗರೇಟು, ಜರ್ದಾ, ಗುಟ್ಕಾ ಇವೆಲ್ಲ ಆ ಸಾಲಿನವು. ತಂಬಾಕು ಜಗತ್ತಿನಲ್ಲಿ ಪ್ರತಿವರ್ಷ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಗಮನಿಸಿದ ರಿಚರ್ಡ್ ಡಾಲ್ ಮತ್ತು ಸಂಗಡಿಗರ ಅಧ್ಯಯನದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸಿಗರೇಟು ಬಿಡದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. 60ನೇ ವಯಸ್ಸಿನಲ್ಲಿ ಬಿಟ್ಟವರು ಹಾಗೆ ಕಳೆದುಹೋಗಲಿದ್ದ 10 ವರ್ಷಗಳಲ್ಲಿ 3ನ್ನು, 50ರಲ್ಲಿ ಬಿಟ್ಟವರು 6ನ್ನು, 40ರಲ್ಲಿ ಬಿಟ್ಟವರು 9ನ್ನು ಉಳಿಸಿಕೊಂಡರು. 30ರಲ್ಲಿ ಬಿಟ್ಟವರಿಗೆ ಹೆಚ್ಚುಕಡಿಮೆ ಎಲ್ಲವೂ ಉಳಿಯಿತು. ಅಪವರ್ತನೆಯೆಂಬ ಶಾಸ್ತ್ರದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಲೌಕಿಕ ನಿದರ್ಶನ ಸಿಗುವುದು ಕಷ್ಟ. ಆಯುಷ್ಯ ಬೆಳೆಯಲಿಲ್ಲ, ಸೋರುವುದು ನಿಂತಿತು.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಅಡಿಕೆ ಮತ್ತು ತಂಬಾಕು ಬೇರೆ ಬೇರೆ ಚೀಟಿಗಳಲ್ಲಿ ಬಂದು ಅಂಗೈಯಲ್ಲಿ ಒಂದಾಗುತ್ತವೆ. ಕಾನೂನು ಅಂಗಡಿಯ ಬಾಗಿಲಿನವರೆಗೆ ಬರುತ್ತದೆ, ಅಂಗೈಯವರೆಗೆ ಬರಬೇಕಾದುದು ವ್ರತ. ಮದ್ಯದ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದೇ ಇಲ್ಲವೆಂದು ಸಾರಿತು. ಶ್ರಾವಕನ ಮೂಲಗುಣಗಳಲ್ಲಿ ಮದ್ಯತ್ಯಾಗವನ್ನು ಮೊದಲಿಗಿಟ್ಟವರು ‘ಮಿತವಾಗಿ’ ಎಂಬ ಮಾತಿಗೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ವಿಷವು ನೀರಿನಲ್ಲಿಯೂ ಬರುತ್ತದೆ. ಜೈನರ ಮನೆಯಲ್ಲಿ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ನೆಲೆಗೇ ಮರಳಿ ಬಿಡುವುದು ಹಳೆಯ ನಿಯಮ. ಅದರ ಉದ್ದೇಶ ಆರೋಗ್ಯವಾಗಿರಲಿಲ್ಲ. ಕಣ್ಣಿಗೆ ಕಾಣದ ಜೀವವನ್ನು ಕೊಲ್ಲಬಾರದೆಂಬುದೇ ಅದರ ಉದ್ದೇಶ. ಆದರೆ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಕಡಿಮೆಯಾದುದನ್ನು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ನಾರುಹುಣ್ಣು ಕರ್ನಾಟಕವನ್ನೂ ಕಾಡಿದ ರೋಗ. ಮೆಟ್ಟಿಲುಬಾವಿಯ ನೀರಿನಲ್ಲಿನ ಸಣ್ಣ ಜೀವಿಯೊಂದರ ಮೂಲಕ ಅದು ಹೊಟ್ಟೆ ಸೇರುತ್ತಿತ್ತು. 2000ದಲ್ಲಿ ಭಾರತ ಅದರಿಂದ ಮುಕ್ತವಾಗಲು ನೆರವಾದ ಉಪಾಯಗಳಲ್ಲಿ ಬಟ್ಟೆಯಲ್ಲಿ ನೀರು ಸೋಸುವುದೂ ಒಂದು. ಪರಜೀವವನ್ನು ಕಾಯಲೆಂದು ಕೈಗೊಂಡ ನಿಯಮ ಸ್ವಜೀವವನ್ನೂ ಕಾಯಿತು.

ಇಲ್ಲಿಯೇ ಒಂದು ಎಚ್ಚರವೂ ಬೇಕು. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಲವು ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಉಳ್ಳ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಎಲುಬು ಸೆಟೆಯುತ್ತದೆ. ಬಟ್ಟೆಗೆ ಅದು ಸಿಕ್ಕುವುದಿಲ್ಲ. ಕುದಿಸಿದರೆ ನೀರು ಆರಿ ಫ್ಲೋರೈಡಿನ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಆದುದರಿಂದ ಸೋಸಿದ್ದೇನೆ, ಕಾಸಿದ್ದೇನೆ ಎಂದು ಸುಮ್ಮನಾಗುವಂತಿಲ್ಲ. ನೀರನ್ನು ಪರೀಕ್ಷಿಸಿ, ಶುದ್ಧೀಕರಣ ಘಟಕದ ಇಲ್ಲವೆ ನದಿಮೂಲದ ನೀರನ್ನು ಬಳಸುವುದು ಇಂದಿನ ಜಲಗಾಳನ ವಿಧಿ. ಊರಿಗೆಲ್ಲ ಅಂಥ ನೀರು ಸಿಗುವಂತೆ ಮಾಡುವುದು ಶ್ರಾವಕನ ಔಷಧದಾನಕ್ಕೂ ಅಭಯದಾನಕ್ಕೂ ಸಮನಾದ ಕಾರ್ಯ.

ಇನ್ನು ಆಹಾರ. ಆಹಾರದ ನಿರೋಧದಿಂದ ಮರಣವೆಂದು ಪಟ್ಟಿ ಹೇಳಿತು. ಆಹಾರದ ಅತಿರೇಕದಿಂದಲೂ ಮರಣವೆಂದು ಈ ಕಾಲ ಹೇಳುತ್ತಿದೆ. ಕೊಪ್ಪಳ ಸೀಮೆ ಎರಡು ಬಗೆಯ ನೆಲ. ಕುಷ್ಟಗಿ, ಯಲಬುರ್ಗಾ ಮಳೆಯನ್ನು ನಂಬಿದ ಒಣಭೂಮಿ. ಅಲ್ಲಿ ಜೋಳ, ಸಜ್ಜೆ, ನವಣೆ, ಹೆಸರು, ತೊಗರಿ. ಗಂಗಾವತಿ, ಮರಳಿ ಕಡೆಯದು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಭತ್ತದ ಕಣಜವಾದ ನೆಲ. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಬದಲಾದುದು ಹೊಲವಷ್ಟೇ ಅಲ್ಲ, ತಟ್ಟೆಯೂ ಬದಲಾಯಿತು. ಜೋಳದ ರೊಟ್ಟಿ, ಪುಂಡಿಪಲ್ಲೆ, ಕಾಳಿನ ಪಲ್ಯ ಇದ್ದಲ್ಲಿ ಪಾಲಿಶ್ ಮಾಡಿದ ಬಿಳಿಯ ಅನ್ನ ತುಂಬಿತು. ಸಂಜೆಗೆ ಮಿರ್ಚಿ-ಮಂಡಕ್ಕಿ, ರಾತ್ರಿ ಹತ್ತಕ್ಕೆ ಮೊಬೈಲು ನೋಡುತ್ತ ಮತ್ತೆ ಅನ್ನ. ಹಿಂದೆ ಆ ಅನ್ನವನ್ನು ಕರಗಿಸುತ್ತಿದ್ದ ನಾಟಿ, ಕೊಯ್ಲು, ಒಕ್ಕಣೆಯ ದುಡಿಮೆಯನ್ನು ಬಹುಮಟ್ಟಿಗೆ ಯಂತ್ರ ವಹಿಸಿಕೊಂಡಿದೆ. ಊಟ ಉಳಿಯಿತು, ದುಡಿಮೆ ಹೋಯಿತು.

ಊಟದ ಬಗೆಗೆ ಜೈನಾಚಾರ ಮೂರು ಕಟ್ಟುಗಳನ್ನು ಹಾಕಿದೆ. ಮೊದಲನೆಯದು ಕಾಲದ ಕಟ್ಟು. ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮುಂಚೆಯೇ ಊಟ ಮುಗಿಯಬೇಕು. ದೀಪಕ್ಕೆ ಮುತ್ತುವ ಹುಳುಹುಪ್ಪಟೆಗಳ ಹಿಂಸೆ ತಪ್ಪಲೆಂದು ಹುಟ್ಟಿದ ನಿಯಮವಿದು. ದೇಹದ ಜೀವಕೋಶಗಳಲ್ಲಿ ಹಗಲು-ರಾತ್ರಿಗಳ ಗಡಿಯಾರವೊಂದು ನಡೆಯುತ್ತಿರುತ್ತದೆಂಬುದನ್ನು ಬಿಡಿಸಿ ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಗಲಿನಲ್ಲಿ ಅನ್ನವನ್ನು ಸುಲಭವಾಗಿ ಅರಗಿಸುವ ದೇಹ ರಾತ್ರಿ ಅದೇ ಅನ್ನದ ಸಕ್ಕರೆಯನ್ನು ನಿಭಾಯಿಸಲು ತಿಣುಕುತ್ತದೆ. ಎರಡನೆಯದು ಪ್ರಮಾಣದ ಕಟ್ಟು. ಅದಕ್ಕೆ ಅವಮೌದರ್ಯ ಅಥವಾ ಊನೋದರವೆಂದು ಹೆಸರು. ಗಂಡಸಿಗೆ 32 ತುತ್ತು, ಹೆಂಗಸಿಗೆ 28 ತುತ್ತು ತುಂಬಿದ ಊಟವೆಂದೂ, ಅದಕ್ಕಿಂತ ಕಡಿಮೆ ಉಣ್ಣುವುದು ತಪಸ್ಸೆಂದೂ ‘ಮೂಲಾಚಾರ’ ಹೇಳುತ್ತದೆ. ದೀರ್ಘಾಯುಗಳಿಗೆ ಹೆಸರಾದ ಜಪಾನಿನ ಓಕಿನಾವಾ ದ್ವೀಪದ ಹಿರಿಯರಲ್ಲಿಯೂ ಹೊಟ್ಟೆ ಹತ್ತರಲ್ಲಿ ಎಂಟು ಪಾಲು ತುಂಬಿದಾಗ ಕೈತೊಳೆಯುವ ರೂಢಿಯಿದೆ. ಮೂರನೆಯದು ರುಚಿಯ ಕಟ್ಟು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಎರಡನ್ನೋ ಗೊತ್ತಾದ ದಿನಕ್ಕೆ ಬಿಡುವುದೇ ರಸಪರಿತ್ಯಾಗ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ವಾರಕ್ಕೊಂದು ದಿನ ಉಪ್ಪು ಬಿಟ್ಟು ಉಣ್ಣುವವನ ನಾಲಗೆ ಉಳಿದ ಆರು ದಿನಗಳಲ್ಲಿಯೂ ಹಿಡಿತ ಕಲಿತಿರುತ್ತದೆ.

ಆಹಾರವೂ ಆರೋಗ್ಯವೂ ಧರ್ಮವೂ ಒಂದೇ ಚರ್ಚೆಗೆ ಬರುವುದು ಕನ್ನಡ ನೆಲಕ್ಕೆ ಹೊಸತಲ್ಲ. ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಜೈನಾಚಾರ್ಯ ಉಗ್ರಾದಿತ್ಯರು, ಔಷಧಕ್ಕಾಗಿಯೂ ಮಾಂಸ ಬೇಕಿಲ್ಲವೆಂಬ ವಾದವನ್ನು ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಮಂಡಿಸಿದರು. ಕೊಪಣವನ್ನು ಹೆಸರಿಸಿದ ‘ಕವಿರಾಜಮಾರ್ಗ’ ಹುಟ್ಟಿದುದೂ ಆ ಅರಸನ ಆಸ್ಥಾನದಲ್ಲಿಯೇ. ಧರ್ಮದ ನಿಯಮ ಬದುಕಿನ ನಿಯಮವಾದಾಗ ಏನಾಗುತ್ತದೆಂಬುದಕ್ಕೆ ದೂರದ ಅಮೆರಿಕದಲ್ಲಿ ಇನ್ನೊಂದು ಸಾಕ್ಷಿಯಿದೆ. ಕ್ಯಾಲಿಫೋರ್ನಿಯಾದ ಅಡ್ವೆಂಟಿಸ್ಟ್ ಕ್ರೈಸ್ತರು ತಂಬಾಕು, ಮದ್ಯಗಳನ್ನು ದೂರವಿಟ್ಟವರು, ಹಲವರು ಸಸ್ಯಾಹಾರಿಗಳು, ವಾರಕ್ಕೊಂದು ದಿನ ಪೂರ್ಣ ವಿಶ್ರಾಂತಿ ಪಾಲಿಸುವವರು. ಅವರಲ್ಲಿ ಗಂಡಸರು ಅದೇ ಪ್ರಾಂತದ ಇತರರಿಗಿಂತ ಸರಾಸರಿ 7.3 ವರ್ಷ, ಹೆಂಗಸರು 4.4 ವರ್ಷ ಹೆಚ್ಚು ಬದುಕುತ್ತಿದ್ದಾರೆಂದು 2001ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು.

ದೇಹದ ಚಲನೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆಯೆಂದು ಜೆರೆಮಿ ಮಾರಿಸ್ 1953ರಲ್ಲಿಯೇ ತೋರಿಸಿದ್ದರು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಇರಲೆಂಬುದು ಇಂದಿನ ಸಲಹೆ. ಮುನಿಗಳು ವಾಹನವೇರದೆ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವ ಈರ್ಯಾಸಮಿತಿ ಗೃಹಸ್ಥನಿಗೆ ಪೂರ್ತಿಯಾಗಿ ಸಾಧ್ಯವಿಲ್ಲ. ಬಸದಿಗಾದರೂ ಅವನು ನಡೆದು ಹೋಗಬಹುದು. ಅಂಗಡಿಯ ಗಾದಿಯಿಂದ ಗಂಟೆಗೊಮ್ಮೆ ಏಳಬಹುದು.

ಪಟ್ಟಿಯಲ್ಲಿ ಎಲ್ಲಕ್ಕಿಂತ ಅಚ್ಚರಿ ಹುಟ್ಟಿಸುವ ಹೆಸರುಗಳು ಭಯ ಮತ್ತು ಸಂಕ್ಲೇಶ. ವಿಷಕ್ಕೂ ಶಸ್ತ್ರಕ್ಕೂ ಸರಿಸಮನಾಗಿ ಮನಸ್ಸಿನ ಉರಿಯನ್ನು ಆಚಾರ್ಯರು ಮೃತ್ಯುಕಾರಣವೆಂದು ಎಣಿಸಿದ್ದಾರೆ. ಸಾಲ, ದಾಯಾದಿ ಜಗಳ, ನೆರೆಯವನ ಏಳಿಗೆಯ ಬೇಗೆ, ನಿದ್ದೆಗೆಟ್ಟ ರಾತ್ರಿ ಇವು ರಕ್ತದೊತ್ತಡವನ್ನು ಏರಿಸಿ ಹೃದಯವನ್ನು ಸವೆಯಿಸುತ್ತವೆಂಬುದು ಇಂದು ವೈದ್ಯರಿಗೆ ತಿಳಿದ ಸಂಗತಿ. ಅದಕ್ಕೆ ಶ್ರಾವಕನ ಮದ್ದು ಸಾಮಾಯಿಕ. ದಿನಕ್ಕೆ 48 ನಿಮಿಷ ಯಾರನ್ನೂ ದ್ವೇಷಿಸದೆ, ಯಾವುದನ್ನೂ ಬಯಸದೆ ಕುಳಿತುಕೊಳ್ಳುವುದು. ಕಾಯೋತ್ಸರ್ಗದಲ್ಲಿ ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರವನ್ನು 27 ಉಸಿರುಗಳಲ್ಲಿ ಹೇಳಿಕೊಳ್ಳುವವನ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಸಂಜೆಯ ಪ್ರತಿಕ್ರಮಣದಲ್ಲಿ ಅಂದಿನ ತಪ್ಪುಗಳನ್ನು ಒಪ್ಪಿಕೊಂಡು, ಎಲ್ಲ ಜೀವಿಗಳನ್ನೂ ಕ್ಷಮಿಸಿ ಮಲಗುವವನು ಹಗೆಯನ್ನು ಹಾಸಿಗೆಗೆ ಒಯ್ಯುವುದಿಲ್ಲ.

ಇಷ್ಟನ್ನೂ ಕೇಳಿ, ಜೈನಕುಲದಲ್ಲಿ ಹುಟ್ಟಿದವನಿಗೆ ಇನ್ನೇನು ಭಯವೆಂದುಕೊಳ್ಳುವುದು ತಪ್ಪು. ಮಾಂಸ ಮುಟ್ಟದ ಮನೆಯಲ್ಲಿಯೂ ಕರಿದ ತಿಂಡಿ, ಉಪ್ಪಿನಕಾಯಿ, ಹಪ್ಪಳ, ಸಿಹಿ ದಿನವೂ ಇದ್ದರೆ ಸಕ್ಕರೆ ಕಾಯಿಲೆಯೂ ಹೃದ್ರೋಗವೂ ಕುಲವನ್ನು ಕೇಳಿ ಬರುವುದಿಲ್ಲ. ಪಾರಣೆಯ ದಿನ ಉಪವಾಸದ ಸೇಡು ತೀರಿಸಿಕೊಳ್ಳುವಂತೆ ಉಂಡರೆ ಅದು ತಪಸ್ಸಲ್ಲ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಹಾಲು-ಮೊಸರು ಬಳಸುವವರೂ ಇಳಿವಯಸ್ಸಿನಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ತಪಸ್ಸು ಮಾಡಬೇಕೆಂಬುದೇ ಆಗಮದ ಆಜ್ಞೆ. ಷೋಡಶ ಭಾವನೆಗಳಲ್ಲಿ ‘ಶಕ್ತಿತಸ್ತಪ’ವೆಂಬ ಮಾತು ಬಂದಿರುವುದು ಇದಕ್ಕಾಗಿಯೇ.

ಹಾಗಾದರೆ ವ್ರತದ ಗುರಿ ದೀರ್ಘಾಯುಷ್ಯವೆ? ಅಲ್ಲ. ಸಲ್ಲೇಖನಾ ವ್ರತಕ್ಕೆ ಅಂಟುವ ಐದು ಅತಿಚಾರಗಳನ್ನು ಹೇಳುವಾಗ ‘ತತ್ತ್ವಾರ್ಥಸೂತ್ರ’ ಮೊದಲಿಗಿಡುವುದು ಜೀವಿತಾಶಂಸೆಯನ್ನು, ಎಂದರೆ ಇನ್ನೂ ಬದುಕಬೇಕೆಂಬ ಹಂಬಲವನ್ನು. ಅದರ ಹಿಂದೆಯೇ ಬರುವುದು ಮರಣಾಶಂಸೆ, ಬೇಗ ಸಾಯಬೇಕೆಂಬ ಹಂಬಲ. ಎರಡೂ ದೋಷಗಳೇ. ದೇಹವನ್ನು ದುರಭ್ಯಾಸದಿಂದ ಕೆಡಿಸಿಕೊಳ್ಳುವವನು ಆಯುಷ್ಯವನ್ನು ಚೆಲ್ಲುತ್ತಾನೆ. ದೇಹವೇ ಸರ್ವಸ್ವವೆಂದು ಅದನ್ನೇ ಪೂಜಿಸುವವನು ಆಯುಷ್ಯಕ್ಕೆ ಜೋತುಬೀಳುತ್ತಾನೆ. ಶ್ರಾವಕನದು ಇವೆರಡರ ನಡುವಣ ದಾರಿ. ತಪಸ್ಸಿಗೆ, ಸ್ವಾಧ್ಯಾಯಕ್ಕೆ, ಪರೋಪಕಾರಕ್ಕೆ ಈ ದೇಹವೇ ಸಾಧನ. ಸಾಧನವನ್ನು ಮೊಂಡು ಮಾಡಿಕೊಂಡ ಕಮ್ಮಾರನಿಗೆ ಕೆಲಸವಿಲ್ಲ. ಸಾಧನವನ್ನು ಉಜ್ಜುತ್ತಲೇ ಕುಳಿತವನಿಗೂ ಕೆಲಸ ಸಾಗದು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಬದುಕಿರುವವರೆಗೆ ಬಿಡುವುದು ಯಮ, ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು ಎಂದು ಅವರು ಅವಧಿಗಳನ್ನೂ ಎಣಿಸಿ ಕೊಟ್ಟಿದ್ದಾರೆ. ಜೀವನಪೂರ್ತಿ ಬಿಡಲು ಹೆದರುವವನಿಗೂ ಬಾಗಿಲು ತೆರೆದಿರಲೆಂಬ ಕರುಣೆ ಇದರಲ್ಲಿದೆ. ತಂಬಾಕು ಬಿಡಲಾರೆನೆನ್ನುವವನು ನಾಳೆ ಸೂರ್ಯೋದಯದವರೆಗೆ ಬಿಡಲಿ. ರಾತ್ರಿಯೂಟ ಬಿಡಲಾರದವಳು ಅಷ್ಟಮಿ, ಚತುರ್ದಶಿಗಳಂದು ಹಗಲಿರುವಾಗಲೇ ಉಣ್ಣಲಿ. ಒಂದು ದಿನದ ನಿಯಮ ಮುಗಿದಾಗ ಇನ್ನೊಂದು ದಿನಕ್ಕೆ ಸಂಕಲ್ಪ ಮಾಡುವುದು ಮೊದಲಿನಷ್ಟು ಕಷ್ಟವಾಗದು. ಹೀಗೆ ಉಳಿದ ಒಂದೊಂದು ದಿನವೂ ಹೊಸದಾಗಿ ಗಳಿಸಿದ್ದಲ್ಲ, ಕಳೆದುಹೋಗದೆ ಕೈಯಲ್ಲಿ ಉಳಿದದ್ದು. ಅದನ್ನು ಯಾವ ಕಾರ್ಯಕ್ಕೆ ಕೊಡಬೇಕೆಂಬುದನ್ನು ಉಳಿಸಿಕೊಂಡವನೇ ನಿರ್ಧರಿಸಬೇಕು.